ತಣ್ಣೀರು ಹುಯ್ದವರು

"ಆಫ್ ಮಾಡ್ಲಾ ಬೋಳಿಮಗನೆ! ಡೀಸೆಲ್ ನಿಮ್ಮಪ್ಪ ಹಾಕ್ಸವ್ನಾ?"

ರುದ್ರಸ್ವಾಮಿ ಹೀಗೆ ಕೂಗಿದ್ದು ತಾಳಬೆಟ್ಟ ದಾಟಿದ ಮೇಲೆ, ಘಾಟಿಯ ಐದನೇ ತಿರುವಿನಲ್ಲಿ. ಲಾರಿ ತುಂಬ ಸಿಮೆಂಟ್ ಮೂಟೆ. ಮಾದಪ್ಪನ ಬೆಟ್ಟದ ಮೇಲೆ ಯಾರದೋ ಲಾಡ್ಜು ಏಳುತ್ತಿತ್ತು, ಅಲ್ಲಿಗೆ ಹೊರಟ ಲೋಡು. ಮೂಟೆ ಇಳಿಸುವ ಆಳುಗಳು ಹನ್ನೆರಡಕ್ಕೆಲ್ಲ ಹೊರಟುಬಿಡುತ್ತಾರೆಂದು ಮೇಲಿನಿಂದ ಆಗಲೇ ಮೂರು ಸಲ ಫೋನ್ ಬಂದಿತ್ತು. ಇತ್ತ ಶಾಖದ ಮುಳ್ಳು ಕೆಂಪು ಗೆರೆ ದಾಟಿ ಕೂತಿತ್ತು, ರೇಡಿಯೇಟರಿನಿಂದ ಬುಸಬುಸನೆ ಹಬೆ ಏಳುತ್ತಿತ್ತು. ಡ್ರೈವರ್ ಚಿಕ್ಕಸಿದ್ದಯ್ಯ ಲಾರಿಯನ್ನು ಬಂಡೆಯ ಪಕ್ಕಕ್ಕೆ ತಂದು, ಚಕ್ರಕ್ಕೆ ಕಲ್ಲು ಕೊಟ್ಟು, ಇಂಜಿನ್ನನ್ನು ಮಾತ್ರ ಓಡಲು ಬಿಟ್ಟಿದ್ದ.

"ಆಫ್ ಮಾಡ್ಬಾರ್ದು ಬುದ್ಧಿ. ಕಾದಿರೋ ಇಂಜಿನ್ ನಿಧಾನಕ್ಕೆ ತಿರುಗ್ತಾ ಇರ್ಬೇಕು. ಒಂದರ್ಧ ಗಂಟೆ ಬುಡಿ, ತಾನಾಗೇ ಇಳೀತದೆ. ಆಮೇಕೆ ಒಸಿ ಒಸೀನೆ ನೀರು ಬುಡನ."

"ನಂಗೇ ಪಾಠ ಏಳ್ತೀಯೇನ್ಲಾ? ಸ್ಟೇರಿಂಗ್ ಇಡ್ಕಂಡ್ ಮಾತ್ರಕ್ಕೆ ಲಾರಿ ನಿಂದಾಗೋಯ್ತಾ?"

ರುದ್ರಸ್ವಾಮಿ ತಾನೇ ಬಗ್ಗಿ ಗುಂಡಿ ಎಳೆದು ಇಂಜಿನ್ ನಿಲ್ಲಿಸಿದ. ಚಿಕ್ಕಸಿದ್ದಯ್ಯ ಒದ್ದೆ ಗೋಣಿ ಸುತ್ತಿಕೊಂಡು ರೇಡಿಯೇಟರ್ ಮುಚ್ಚಳ ಸಡಿಲಿಸಿ ಹಬೆ ಹೋಗಲು ಬಿಟ್ಟ, ಮೊಣಕೈಗೆ ಬಿಸಿ ತಾಗಿ ಹಿಂದೆ ಸರಿದು ನಿಂತ. ಅಷ್ಟರಲ್ಲಿ ರುದ್ರಸ್ವಾಮಿ ಬಂಡೆಯಿಂದ ಸುರಿಯುವ ನೀರಿಗೆ ಕ್ಯಾನ್ ಹಿಡಿದು ತುಂಬಿಸಿಕೊಂಡಿದ್ದ. ಪುಷ್ಯ ಮಾಸದ ಬೆಟ್ಟದ ನೀರು, ಹಲ್ಲಿಗೆ ತಾಗಿದರೆ ಜುಮ್ಮೆನ್ನುವಂಥದ್ದು.

"ಬ್ಯಾಡಿ ಬುದ್ಧಿ! ಒಡ್ದೋಯ್ತದೆ, ಬ್ಯಾಡಿ!" ಚಿಕ್ಕಸಿದ್ದಯ್ಯ ಕೈ ಅಡ್ಡ ಹಿಡಿದ.

"ಸರಿಯಲಾ ಅತ್ಲಾಗೆ."

ಇಪ್ಪತ್ತು ಲೀಟರ್ ಕ್ಯಾನು. ಗಳಗಳ ಅಂತ ಅಷ್ಟನ್ನೂ ಹುಯ್ದುಬಿಟ್ಟ. ಒಳಗೆಲ್ಲೋ 'ಟಣ್' ಅಂತು. ದೊಡ್ಡ ಸದ್ದೇನಲ್ಲ. ಆದರೆ ಇಪ್ಪತ್ತೆರಡು ವರ್ಷ ಲಾರಿ ಓಡಿಸಿದ ಚಿಕ್ಕಸಿದ್ದಯ್ಯನಿಗೆ ಆ ಸದ್ದು ಏನೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ರುದ್ರಸ್ವಾಮಿಗೂ ಕೇಳಿಸಿತ್ತು. ಕ್ಯಾನ್ ಕೆಳಗಿಟ್ಟ. ರಸ್ತೆಯ ಮೇಲುಗಡೆ ನೋಡಿದ, ಕೆಳಗಡೆ ನೋಡಿದ. ಒಂದು ನರಪಿಳ್ಳೆಯೂ ಇರಲಿಲ್ಲ. ಆಮೇಲೆ ಚಿಕ್ಕಸಿದ್ದಯ್ಯನ ಕಡೆ ತಿರುಗಿ ಕೇಳಿದ:

"ಏನ್ಲಾ ಮಾಡ್ಬುಟ್ಟೆ?"

*

ಲಾರಿ ರುದ್ರಸ್ವಾಮಿಯದಲ್ಲ, ಅವನ ಅಣ್ಣ ಶಿವನಂಜಯ್ಯನದು. ತೋಟ, ಟ್ರಾಕ್ಟರು, ರೇಷ್ಮೆ ಹುಳ ಸಾಕುವ ಮನೆ ಎಲ್ಲವೂ ಶಿವನಂಜಯ್ಯನ ಹೆಸರಿನಲ್ಲೇ. ಊರಿಗೆ ಯಜಮಾನನೂ ಅವನೇ. ತಮ್ಮನಿಗೆ ಒಂದು ಕೆಲಸ ಅಂತ ಇರಲಿ, ಊರು ಸುತ್ತುವುದು ಬಿಡಲಿ ಎಂದು ಲಾರಿ ನೋಡಿಕೊಳ್ಳಲು ಬಿಟ್ಟಿದ್ದ. ರುದ್ರಸ್ವಾಮಿ ದೇವರಿಗೆ ಹೆದರುತ್ತಿದ್ದನೋ ಇಲ್ಲವೋ, ಅಣ್ಣನಿಗೆ ಮಾತ್ರ ಚಡ್ಡಿ ಒದ್ದೆಯಾಗುವಷ್ಟು ಹೆದರುತ್ತಿದ್ದ.

ಮಾರನೆಯ ದಿನ ಸಿಮೆಂಟನ್ನು ಬೇರೆ ಲಾರಿಗೆ ಏರಿಸಿದರು. ಮೂಟೆ ಹೊತ್ತವರಲ್ಲಿ ಚಿಕ್ಕಸಿದ್ದಯ್ಯನೂ ಒಬ್ಬ. ಕೆಟ್ಟ ಲಾರಿಯನ್ನು ಹನೂರಿನ ಮೇಲೆ ಎಳೆದು ತಂದು ಕೊಳ್ಳೇಗಾಲದಲ್ಲಿ ಮೆಕ್ಯಾನಿಕ್ ಮೂರ್ತಿಯ ಶೆಡ್ಡಿಗೆ ಬಿಟ್ಟರು. ಮೂರ್ತಿ ಕೆಳಗೆ ನುಗ್ಗಿ ಬೋಲ್ಟ್ ಬಿಚ್ಚಿದ. ಕಪ್ಪು ಆಯಿಲ್ ಬರಬೇಕಾದ ಕಡೆ ಹಾಲು ಬೆರೆಸಿದ ಕಾಫಿಯಂಥದು ಇಳಿಯಿತು, ಆಯಿಲಿಗೆ ನೀರು ಸೇರಿತ್ತು. ಇಂಜಿನ್ ಇಳಿಸಿ, ಬ್ಲಾಕಿಗೆ ಸೀಮೆಎಣ್ಣೆ ಸವರಿ ಒರೆಸಿ, ಮೇಲೆ ಚಾಕ್ ಪುಡಿ ಉಜ್ಜಿದ. ಬಿಳಿಯ ಪುಡಿಯೊಳಗಿಂದ ಒಂದು ಗೇಣುದ್ದದ ಗೆರೆ ಮೆಲ್ಲಗೆ ನೆನೆಯುತ್ತಾ ಮೇಲೆ ಬಂತು.

"ಕಾದಿದ್ದ ಬ್ಲಾಕ್‌ಗೆ ತಣ್ಣೀರ್ ಉಯ್ದವ್ರೆ ಸಾ. ಬೀಡು ಕಬ್ಬಿಣ ಇದು, ತಡ್ಕಳಲ್ಲ," ಅಂದ ಮೂರ್ತಿ.

ಪಕ್ಕದಲ್ಲೇ ಕೂತು ನೋಡುತ್ತಿದ್ದ ಶಿವನಂಜಯ್ಯ ಕುರ್ಚಿಯಿಂದ ಎದ್ದ. "ಯಾರು ಉಯ್ದೋರು?"

"ಇನ್ಯಾರಣ್ಣ, ಇವ್ನೇಯ," ರುದ್ರಸ್ವಾಮಿ ಬಾಯಿಪಾಠ ಒಪ್ಪಿಸುವವನ ಹಾಗೆ ಅಂದ. "ನಾನು ಬ್ಯಾಡ ಬ್ಯಾಡ ಅಂತ ಬಡ್ಕಂಡೆ. ಕೇಳ್ಬೇಕಲ್ಲ! ಎಷ್ಟಾದ್ರೂ ಇವ್ರ್ ಬುದ್ಧಿ ನಿಂಗೊತ್ತಲ್ಲ."

"ನಾನಲ್ಲ ಬುದ್ಧಿ. ಮಾದಪ್ಪನಾಣೆ ನಾನಲ್ಲ. ಚಿಕ್ಕ ಯಜಮಾನ್ರೇ ಕ್ಯಾನ್ ತಂದು..."

ಮಾತು ಮುಗಿಯಲಿಲ್ಲ. ಶಿವನಂಜಯ್ಯನ ಎಡಗೈ ಅವನ ಕೊರಳಪಟ್ಟಿ ಹಿಡಿದಿತ್ತು, ಬಲಗೈ ಕೆನ್ನೆಗೆ ಬಿದ್ದಿತ್ತು. ಶೆಡ್ಡಿನ ಹುಡುಗರು ಕೆಲಸ ನಿಲ್ಲಿಸಿ ನೋಡಿದರು. ಮೂರ್ತಿ ಮಾತ್ರ ತಲೆ ತಗ್ಗಿಸಿ, ಒರೆಸಿದ ಪಾನಾವನ್ನೇ ಮತ್ತೆ ಮತ್ತೆ ಒರೆಸುತ್ತಿದ್ದ.

"ನನ್ ಒಡಹುಟ್ಟಿದೋನ್ ಮೇಲೆ ಏಳ್ತೀಯೇನ್ಲಾ, ಸೂಳೆಮಗನೆ?" ಶಿವನಂಜಯ್ಯ ಹಾಗೇ ಅವನ ಅಂಗಿ ಜೇಬಿಗೆ ಕೈ ಹಾಕಿ ಲೈಸೆನ್ಸ್ ತೆಗೆದುಕೊಂಡ. "ಇದು ನನ್ತವೇ ಇರ್ಲಿ. ಊರ್ ಮುಂದೆ, ಗುಡಿ ಎದ್ರುಗೆ, ನಾನೇ ಉಯ್ದೆ ತಪ್ಪಾಯ್ತು ಅಂತ ಅಡ್ಡ ಬೀಳು, ಆವತ್ತು ಕೊಡ್ತೀನಿ. ಅಲ್ಲೀಗಂಟ ತೋಟದಲ್ಲಿ ಸೊಪ್ಪು ಕುಯ್ದಾಕಂಡು ಬಿದ್ದಿರು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಗಾದೆ ಮಾಡಿದವನು ಯಾರೋ, ಅವನು ಈ ಊರಿನವನೇ ಇರಬೇಕು.

*

ಕೇರಿಯಲ್ಲಿ ಭಾರೀ ವಾಹನದ ಲೈಸೆನ್ಸ್ ತೆಗೆದ ಮೊದಲನೆಯವನು ಚಿಕ್ಕಸಿದ್ದಯ್ಯ. ಅವನ ಅಪ್ಪ ಇದೇ ಶಿವನಂಜಯ್ಯನ ಅಪ್ಪನ ತೋಟದಲ್ಲಿ ಸಗಣಿ ಬಾಚಿ ಸತ್ತವನು. ಮಗ ಸ್ಟೇರಿಂಗ್ ಹಿಡಿದು ಊರಬಾಗಿಲಲ್ಲಿ ಹಾರನ್ ಹೊಡೆದ ದಿನ ಆ ಮುದುಕ ಬೀದಿಯಲ್ಲೇ ಕೂತು ಅತ್ತಿದ್ದ. ಅವತ್ತಿನಿಂದ ಅವರದು ಡ್ರೈವರ್ ಮನೆ. ಮಗಳು ಪುಷ್ಪಳನ್ನು ಯಳಂದೂರಿಗೆ ಕೊಟ್ಟಾಗ ಬೀಗರು ಕೇಳಿದ್ದೂ 'ಡ್ರೈವರ್ ಸಿದ್ದಯ್ಯನ ಮಗಳಾ' ಎಂದೇ. ಕೂಲಿ ಸಿದ್ದ, ಸೊಪ್ಪಿನ ಸಿದ್ದ ಎಂಬ ಹೆಸರು ಆ ಮನೆಗೆ ತಪ್ಪಿಹೋಗಿತ್ತು.

ಈಗ ಅದೇ ತೋಟ. ಬೆಳಗ್ಗೆ ಆರಕ್ಕೆ ಹಿಪ್ಪುನೇರಳೆ ಸೊಪ್ಪು ಕೊಯ್ದು, ಹೊರೆ ಕಟ್ಟಿ, ಹೊತ್ತು ತಂದು, ಹುಳದ ಮನೆಯ ಹೊಸ್ತಿಲಿಗೆ ಹಾಕಬೇಕು. ಒಳಗೆ ಹೋಗುವಂತಿಲ್ಲ, ಹುಳಕ್ಕೆ ಮೈಲಿಗೆ. ಅವನು ಕೊಯ್ದ ಸೊಪ್ಪು ತಿಂದು ಹುಳ ಗೂಡು ಕಟ್ಟಬಹುದು, ಅವನ ನೆರಳು ಬಿದ್ದರೆ ಸತ್ತುಹೋಗುತ್ತವಂತೆ! ರುದ್ರಸ್ವಾಮಿ ಬೈಕಿನಲ್ಲಿ ಹಾಯುವಾಗೆಲ್ಲ ನಿಲ್ಲಿಸಿ, "ಏನ್ ಡ್ರೈವರ್ ಸಾಯೇಬ್ರೇ, ಗೇರ್ ಬೀಳ್ತಾ ಇದ್ದದಾ?" ಅಂತ ಕೇಳಿ ಹೋಗುತ್ತಿದ್ದ. ಕೂಲಿ ಹೆಂಗಸರು ಮೊದಮೊದಲು ನಗಲಿಲ್ಲ. ಆಮೇಲೆ ಒಬ್ಬಿಬ್ಬರು ನಕ್ಕರು.

ಭಾನುವಾರ ಕೊಳ್ಳೇಗಾಲಕ್ಕೆ ಹೋದ. ಶೆಡ್ಡಿನಲ್ಲಿದ್ದ ಇಂಜಿನ್ನನ್ನು ನೋಡಬೇಕಿತ್ತು. ಆಸ್ಪತ್ರೆಗೆ ಸೇರಿಸಿದವರನ್ನು ನೋಡದೆ ಇರಲಾಗುತ್ತದೆಯೇ? ಮೂರ್ತಿ ಬಿರುಕು ಮುಂದಕ್ಕೆ ಹರಿಯದ ಹಾಗೆ ಅದರ ಎರಡು ತುದಿಗೂ ಸಣ್ಣ ತೂತು ಕೊರೆದು, ಬ್ಲಾಕನ್ನು ಇದ್ದಿಲಲ್ಲಿ ಕಾಯಿಸಿ ಬೆಸುಗೆ ಹಾಕಿ, ಒಮ್ಮೆಲೇ ಆರದಿರಲೆಂದು ಒಂದು ದಿನ ಬೂದಿಯೊಳಗೆ ಹೂತಿಟ್ಟಿದ್ದ. ಅವತ್ತು ತೆಗೆದು ನೀರು ತುಂಬಿ ನೋಡಿದ. ಬೆಸುಗೆ ಹಿಡಿದಿತ್ತು. ಆದರೆ ಅದರ ಪಕ್ಕದಲ್ಲೇ ಹೊಸದಾಗಿ ಒಂದು ಕಡೆ ನೀರು ಒಸರುತ್ತಿತ್ತು.

"ಇನ್ನಾಗಲ್ಲ ಕಣ್ ಸಿದ್ದಯ್ಯಣ್ಣ. ಇದ್ರ ಕತೆ ಮುಗೀತು. ಗುಜರಿಗೇಯ."

ಚಿಕ್ಕಸಿದ್ದಯ್ಯ ಬ್ಲಾಕಿನ ಮೇಲೆ ಕೈಯಿಟ್ಟ. ಬೆಳಗಿನ ಜಾವ ಚಳಿಯಲ್ಲಿ ಇದು ಮೊದಲು ಎರಡು ಸಲ ಕೆಮ್ಮಿ, ಮೂರನೆಯದಕ್ಕೆ ಹಿಡಿದುಕೊಳ್ಳುತ್ತಿತ್ತು. ಲೋಡು ಹೆಚ್ಚಾದರೆ ಮೂರನೇ ಗೇರಿನಲ್ಲಿ ನರಳುತ್ತಿತ್ತು. ಇವನು 'ಬಾರವ್ವ, ಇನ್ನೊಂದೇ ತಿರುವು' ಅನ್ನುತ್ತಿದ್ದ, ಅದು ಹತ್ತುತ್ತಿತ್ತು. ಅವನಿಗೆ ಅಳು ತಡೆಯಲಾಗಲಿಲ್ಲ. ಐವತ್ತು ಮುಟ್ಟಿದ ಗಂಡಸು, ಶೆಡ್ಡಿನ ಹುಡುಗರ ಎದುರಿಗೆ, ಅಂಗಿ ತೋಳಲ್ಲಿ ಮೂಗು ಒರೆಸಿಕೊಳ್ಳುತ್ತಾ ಅತ್ತ.

ಮೂರ್ತಿ ಅವನನ್ನು ಹೊರಗೆ ಕರೆದುಕೊಂಡು ಹೋಗಿ ಟೀ ಕೊಡಿಸಿದ. "ನಂಗೊತ್ತು ಕಣಣ್ಣ, ಉಯ್ಯೋ ಪೈಕಿ ನೀನಲ್ಲ. ಆದ್ರೆ ಅವ್ರ್ ಮನೆ ಗಾಡಿ ಎಲ್ಲಾ ನನ್ತವೇ ಬರಾದು. ನಾನೆಂಗೆ ಬಾಯ್ ಬುಡ್ಲಿ?"

"ನಿನ್ನ ಬೈಕಳಕ್ಕೆ ಬಂದಿಲ್ಲ ಬುಡು."

"ಒಂದ್ ಕೆಲ್ಸ ಮಾಡು. ಲೈಸೆನ್ಸ್ ಕಳ್ದೋಯ್ತು ಅಂತ ಸ್ಟೇಷನ್‌ನಲ್ಲಿ ಬರ್ಸು. ಡೂಪ್ಲಿಕೇಟ್ ಕೊಡ್ತಾರೆ."

"ಕಳ್ದೋಗಿಲ್ವಲ್ಲ ಮೂರ್ತಿ. ಕಿತ್ಕಂಡವ್ರೆ."

"ಅಯ್ಯೋ, ಅಂಗಂದ್ರೆ ಯಾರಣ್ಣ ಬರ್ಕತ್ತಾರೆ?"

"ಅದೇಯ. ಕಿತ್ಕಂಡ್ರು ಅಂದ್ರೆ ಬರ್ಕಳಲ್ಲ. ಕಳ್ದೋಯ್ತು ಅಂದ್ರೆ ಯಜಮಾನ್ರು ಜೇಬಿಂದ ತಗ್ದು ತೋರುಸ್ತಾರೆ, ನಾನು ಸುಳ್ಳನೂ ಆಯ್ತೀನಿ."

*

"ಒಪ್ಕಂಬುಡು," ಅಂದಳು ಪುಟ್ಟಬಸಮ್ಮ.

ಮಧ್ಯಾಹ್ನದ ಮುದ್ದೆ ತಟ್ಟೆಯಲ್ಲೇ ಆರುತ್ತಿತ್ತು. ಗಂಡ ಬೆರಳಲ್ಲಿ ಸಾರು ಕಲಸುತ್ತಾ ಕೂತಿದ್ದ, ತುತ್ತು ಮುರಿಯುತ್ತಿರಲಿಲ್ಲ.

"ಯಾವ್ದ ಒಪ್ಕಳನ?"

"ನಾನೇ ಉಯ್ದೆ ಅನ್ನು. ನಿನ್ ಗಂಟೇನ್ ಓಯ್ತದೆ? ನಾಲ್ಗೆ ಸವೆದೋಯ್ತದಾ? ಅಡ್ಡ ಬೀಳು, ಎದ್ದೇಳು, ಲೈಸೆನ್ಸ್ ಇಸ್ಕ, ಬೇರೆ ಕಡೆ ಓಗಿ ಗಾಡಿ ಓಡ್ಸು. ಬಡವನ ಕೋಪ ದವಡೆಗೆ ಮೂಲ ಕಣಯ್ಯ."

"ಬೇರೆ ಕಡೆ ಯಾರು ಕೊಡ್ತಾರೆ ಗಾಡಿಯ? ಕಾದಿರೋ ಇಂಜಿನ್‌ಗೆ ತಣ್ಣೀರ್ ಉಯ್ದೋನು ಅಂತ ಕೊಳ್ಳೇಗಾಲ ಹನೂರು ಎಲ್ಲಾ ಗೊತ್ತಾಯ್ತದೆ. ನಿನ್ನೆ ಗಾಡಿ ಕಲ್ತೋನೂ ಆ ಕೆಲ್ಸ ಮಾಡಲ್ಲ. ಲೈಸೆನ್ಸ್ ಕೈಲಿರ್ತದೆ, ಗಾಡಿ ಇರಲ್ಲ."

"ಒಪ್ಕಳ್ನಿಲ್ಲ ಅಂದ್ರೆ ಲೈಸೆನ್ಸೂ ಇರಲ್ಲ, ಗಾಡಿನೂ ಇರಲ್ಲ! ನಿಮ್ಮಪ್ಪನಂಗೆ ಅವ್ರ್ ತೋಟದಲ್ಲೇ ಸಾಯ್ತೀಯಾ?" ಪುಟ್ಟಬಸಮ್ಮ ಕಣ್ಣೊರೆಸಿಕೊಂಡು, ಗಂಡನ ತಟ್ಟೆಯ ಮುದ್ದೆಯಿಂದ ತಾನೇ ಒಂದು ತುತ್ತು ಮುರಿದು ಸಾರಿಗೆ ಅದ್ದಿ ಅವನ ಕೈಗಿಟ್ಟಳು. "ನೀನು ಸೊಪ್ಪಿನ ಹೊರೆ ಒತ್ಕಂಡ್ ಬರಾದ್ನ ನನ್ ಕೈಲಿ ನೋಡಕ್ಕಾಗಲ್ಲ. ನನಗೋಸ್ಕರ ಅಂದ್ಬುಡು."

ಚಿಕ್ಕಸಿದ್ದಯ್ಯ ಆ ತುತ್ತನ್ನು ನುಂಗಿದ. "ಆಯ್ತು ಬುಡು. ಅಂತೀನಿ," ಅಂದ.

*

ಸೋಮವಾರ ಮಾದಪ್ಪನ ವಾರ. ಊರ ಗುಡಿಯ ಮುಂದೆ ಬೆಳಗ್ಗೆಯೇ ಜನ ಸೇರಿದ್ದರು. ಗುಡಿಗೆ ಐದು ಮೆಟ್ಟಿಲು. ಮೆಟ್ಟಿಲ ಪಕ್ಕದ ಜಗಲಿಯ ಮೇಲೆ ಶಿವನಂಜಯ್ಯ ಮತ್ತು ನಾಲ್ಕು ಹಿರಿಯರು, ಅವರ ಹಿಂದೆ ರುದ್ರಸ್ವಾಮಿ. ಹೊಸ್ತಿಲ ಬಳಿ ಪೂಜೆ ಮಾಡುವ ತಮ್ಮಡಿ. ಕೇರಿಯವರು ಚರಂಡಿಯ ಆಚೆ ಬದಿ, ಪುಟ್ಟಬಸಮ್ಮನೂ ಅಲ್ಲೇ. ಚಿಕ್ಕಸಿದ್ದಯ್ಯನನ್ನು ಮಾತ್ರ ಚರಂಡಿ ದಾಟಿಸಿ, ಮೆಟ್ಟಿಲಿಂದ ಮೂರು ಮಾರು ದೂರಕ್ಕೆ ನಿಲ್ಲಿಸಿದ್ದರು.

"ಏಳಪ್ಪಾ ಸಿದ್ದ," ಶಿವನಂಜಯ್ಯನ ಮಾತು ಬೆಲ್ಲದ ಹಾಗಿತ್ತು. ಕಂಕುಳಲ್ಲಿ ದೊಣ್ಣೆ, ಕೈಯಲ್ಲಿ ಶರಣಾರ್ಥಿ. ಅಂಗಿ ಜೇಬಿನಿಂದ ಲೈಸೆನ್ಸಿನ ತುದಿ ಕಾಣುವ ಹಾಗೆ ಇಟ್ಟುಕೊಂಡಿದ್ದ. "ನಾಕ್ ಮಾತು. ನಾನೇ ಉಯ್ದೆ, ತಪ್ಪಾಯ್ತು, ಒಟ್ಟೆಗಾಕ್ಕಳಿ. ಅಷ್ಟೇಯ. ನಾವೇನ್ ನಿನ್ನ ನೇಣ್‌ಗಾಕ್ತೀವಾ?"

ಕೇರಿಯಿಂದ ಬರುವ ದಾರಿಯುದ್ದಕ್ಕೂ ಚಿಕ್ಕಸಿದ್ದಯ್ಯ ಆ ನಾಲ್ಕು ಮಾತು ಹೇಳಿಕೊಂಡೇ ಬಂದಿದ್ದ. ಹೆಂಡತಿಗೆ ಕೊಟ್ಟ ಮಾತು. ಕೈ ಮುಗಿದ.

"ಬುದ್ಧಿ... ನಾನೇ..."

"ಜೋರಾಗೇಳ್ಲಾ!" ಹಿಂದಿನಿಂದ ರುದ್ರಸ್ವಾಮಿ. ನಗುತ್ತಿದ್ದ. "ಆಚೆ ಕೇರಿಯೋರ್ಗೂ ಕೇಳ್ಲಿ. ನನ್ನ ಕೈಯಾರ ಆ ಇಂಜಿನ್ ಸಾಯ್ಸ್ದೆ ಅಂತ ಏಳು."

ಅಷ್ಟು ಅನ್ನದೆ ಹೋಗಿದ್ದರೆ ಅವತ್ತಿನ ಕೆಲಸ ಸುಸೂತ್ರವಾಗಿ ಮುಗಿದುಹೋಗುತ್ತಿತ್ತು. ತಿಂದ ಅನ್ನ ಕೆಲವರಿಗೆ ಅರಗುವುದಿಲ್ಲ, ಏನು ಮಾಡುವುದು? ಚಿಕ್ಕಸಿದ್ದಯ್ಯನ ಮುಗಿದ ಕೈ ಕೆಳಗಿಳಿಯಿತು.

"ನಾನ್ ಉಯ್ನಿಲ್ಲ," ಅಂದ. "ಉಯ್ದೋರು ನೀವು. ಬ್ಯಾಡಿ ಬ್ಯಾಡಿ ಅಂತ ಕೈ ಅಡ್ಡ ಇಡ್ದೆ. ಸರಿಯಲಾ ಅಂದ್ಬುಟ್ಟು ಉಯ್ದ್ರಿ."

ಚರಂಡಿಯಾಚೆ ಪುಟ್ಟಬಸಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಜಗಲಿಯ ಮೇಲಿದ್ದವರೆಲ್ಲ ಒಟ್ಟಿಗೆ ಬಾಯಿ ಮಾಡಿದರು. ರುದ್ರಸ್ವಾಮಿಯ ಮುಖ ಕೆಂಪಾಯಿತು, ಅಣ್ಣ ತನ್ನ ಕಡೆ ತಿರುಗಿ ನೋಡುತ್ತಿದ್ದ.

"ನಾನಾ? ನಾನ್ ಉಯ್ದೆನಾ? ಲೇ, ಅಷ್ಟು ಸತ್ಯವಂತ ಆಗಿದ್ರೆ ಬಂದು ಕರ್ಪೂರ ಆರ್ಸ್ಲಾ! ಬಾ! ತಮ್ಮಡಿ, ಅಚ್ಚು ಕರ್ಪೂರ!"

ಆ ಸೀಮೆಯಲ್ಲಿ ಅದೇ ಕೊನೆಯ ನ್ಯಾಯ. ಉರಿಯುವ ಕರ್ಪೂರವನ್ನು ಮಾದಪ್ಪನ ಎದುರಿಗೆ ಬರಿಗೈಯಲ್ಲಿ ಆರಿಸಿದವನ ಮಾತು ಸತ್ಯ. ಸುಳ್ಳ ಆರಿಸಿದರೆ ಮೂರು ತಿಂಗಳೊಳಗೆ ಅವನ ಮನೆಯಲ್ಲಿ ದೀಪ ಹಚ್ಚುವವರಿರುವುದಿಲ್ಲ ಎಂದು ನಂಬಿಕೆ. ಕರ್ಪೂರ ಆರಿಸುವುದು ಹೊಸ್ತಿಲ ಮೇಲೆ, ಐದು ಮೆಟ್ಟಿಲು ಹತ್ತಿ. ಕೇರಿಯವನು ಮೊದಲನೆಯ ಮೆಟ್ಟಿಲನ್ನೂ ಮುಟ್ಟುವಂತಿಲ್ಲವಲ್ಲ, ಆ ಧೈರ್ಯದ ಮೇಲೆಯೇ ರುದ್ರಸ್ವಾಮಿ ಕರೆದದ್ದು. ಜನರಿಗೂ ತಮಾಷೆ ತಿಳಿಯಿತು, ಗೊಳ್ಳೆಂದು ನಕ್ಕರು. ತಮ್ಮಡಿಯೂ ನಗುತ್ತಾ ತಟ್ಟೆಯಲ್ಲಿ ದೊಡ್ಡದೊಂದು ಬಿಲ್ಲೆ ಹಚ್ಚಿ ಹೊಸ್ತಿಲ ಮೇಲಿಟ್ಟ.

"ನೀವೇ ಕರೀತಾ ಇದ್ದೀರಾ ಬುದ್ಧಿ?" ಚಿಕ್ಕಸಿದ್ದಯ್ಯ ಕೇಳಿದ.

"ಊ ಕಣ್ಲಾ, ನಾನೇಯ. ಬಾ ಮತ್ತೆ!"

ಚಿಕ್ಕಸಿದ್ದಯ್ಯ ನಡೆದ. ಮೊದಲ ಮೆಟ್ಟಿಲಿಗೆ ಕಾಲಿಟ್ಟಾಗ ನಗು ನಿಂತಿತು. ಎರಡನೆಯದಕ್ಕೆ "ಲೇ, ಲೇ" ಎಂದು ಯಾರೋ ಅಂದರು. ಮೂರನೆಯದರಲ್ಲಿ ತಮ್ಮಡಿ ಎರಡೂ ಕೈ ಚಾಚಿ ಅಡ್ಡ ನಿಂತ.

"ಅಲ್ಲೇ ನಿಂತ್ಕ! ತಲೆಗಿಲೆ ಕೆಟ್ಟದೇನ್ಲಾ? ಮಾದಪ್ಪನ ಗುಡಿ ಕಣ್ಲಾ ಇದು!"

"ಬೆಟ್ಟದ ಮೇಲೆ ನೂರ್ ಸಲ ಕ್ಯೂನಲ್ಲಿ ನಿಂತು ಒಳೀಕ್ ಓಗಿ ಮಾದಪ್ಪನ್ನ ನೋಡಿವ್ನಿ. ಅವನೇ ಅಲ್ವಾ ಇಲ್ಲಿರಾದು?"

"ಅದು ಸರ್ಕಾರದ್ದು! ಇದು ಊರಿಂದು!"

ತಮ್ಮಡಿ ಅಡ್ಡ ನಿಂತಿದ್ದ ನಿಜ, ಆದರೆ ಚಿಕ್ಕಸಿದ್ದಯ್ಯ ಹತ್ತಿರ ಬಂದ ಹಾಗೆಲ್ಲ ತಾಗೀತೆಂದು ತಾನೇ ಹಿಂದೆ ಸರಿಯುತ್ತಿದ್ದ. ಹಾಗೆ ಸರಿದು ಸರಿದು ಬಾಗಿಲಿಗೆ ಅಂಟಿಕೊಂಡ. ಚಿಕ್ಕಸಿದ್ದಯ್ಯ ಐದನೆಯ ಮೆಟ್ಟಿಲು ಹತ್ತಿ, ಮಂಡಿಯೂರಿ, ಉರಿಯುತ್ತಿದ್ದ ಕರ್ಪೂರದ ಮೇಲೆ ಬಲ ಅಂಗೈ ಇಟ್ಟು ಒತ್ತಿದ. ಚರ್ಮ ಸುಟ್ಟ ವಾಸನೆ ಬಂತು. ಅವನು ಹಲ್ಲು ಕಚ್ಚಿಕೊಂಡು, ಉರಿ ಪೂರ್ತಿ ಆರುವ ತನಕ ಕೈ ತೆಗೆಯಲಿಲ್ಲ. ಆಮೇಲೆ ಎದ್ದು ಊರಿನ ಕಡೆ ತಿರುಗಿ ನಿಂತ.

"ನಾನ್ ಆರ್ಸಿವ್ನಿ. ಈಗ ನೀವು ಬನ್ನಿ ಬುದ್ಧಿ. ಆರ್ಸಿ."

ರುದ್ರಸ್ವಾಮಿ ಜಗಲಿಯಿಂದ ಇಳಿಯಲಿಲ್ಲ. ಅವನಿಗಿದ್ದವರು ಇಬ್ಬರು ಗಂಡುಮಕ್ಕಳು, ಇಬ್ಬರೂ ಅಲ್ಲೇ ಮುಂದೆ ನಿಂತು ಅಪ್ಪನ ಮುಖ ನೋಡುತ್ತಿದ್ದರು. ಅವನು ನೆಲ ನೋಡಿದ. ಶಿವನಂಜಯ್ಯ ತಮ್ಮನನ್ನು ನೋಡಿದ. ಆ ಒಂದು ಗಳಿಗೆಯಲ್ಲಿ ಯಜಮಾನನಿಗೆ ಎಲ್ಲ ತಿಳಿಯಿತು, ಅಲ್ಲಿದ್ದ ಅಷ್ಟೂ ಜನಕ್ಕೆ ತಿಳಿಯಿತು.

ತಿಳಿದು ಏನು ಬಂತು?

"ಗುಡಿ ಕೆಡಿಸ್ಬುಟ್ನಲ್ಲಪ್ಪೋ!" ತಮ್ಮಡಿ ಬಾಯಿ ಬಡಿದುಕೊಂಡ. ಅಷ್ಟೇ ಸಾಕಾಯಿತು. ಶಿವನಂಜಯ್ಯ ಎದ್ದು ನಿಂತ, ಅವನ ದನಿಯಲ್ಲಿ ಈಗ ಬೆಲ್ಲವಿರಲಿಲ್ಲ. "ಯಾರ್ ಅಪ್ಪಣೆ ಕೊಟ್ರು ಮೆಟ್ಲತ್ತಕ್ಕೆ? ಇಳೀಲಾ ಕೆಳೀಕೆ! ಊರಿಗ್ ಊರೇ ಮೈಲಿಗೆ ಮಾಡ್ದಲ್ಲೋ!" ಹಿರಿಯರು ಕೂಗಿದರು, ಹಿಂದಿನವರು ಕೂಗಿದರು. ದಂಡ ಹಾಕಬೇಕು ಅಂದರು, ಗುಡಿ ತೊಳೆಸಬೇಕು ಅಂದರು, ಕೇರಿಯ ನಲ್ಲಿ ನಿಲ್ಲಿಸಿ ಅಂದರು. ಇಂಜಿನ್ ಮಾತನ್ನು ಒಬ್ಬನೂ ಎತ್ತಲಿಲ್ಲ. ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವನು ರುದ್ರಸ್ವಾಮಿ.

ಆದರೆ ಯಾರೂ ಮೇಲೆ ಬರಲಿಲ್ಲ. ಎಳೆದು ಹಾಕಬೇಕೆಂದರೆ ಚಿಕ್ಕಸಿದ್ದಯ್ಯನನ್ನು ಮುಟ್ಟಬೇಕಿತ್ತು. ಕೊಳ್ಳೇಗಾಲದ ಶೆಡ್ಡಿನಲ್ಲಿ ಕೊರಳಪಟ್ಟಿ ಹಿಡಿದು ಕೆನ್ನೆಗೆ ಬಾರಿಸಿದ್ದ ಕೈಗೆ, ಇಲ್ಲಿ ಊರವರ ಕಣ್ಣೆದುರಿಗೆ ಮಡಿ ಬಂದುಬಿಟ್ಟಿತ್ತು.

"ಲೈಸೆನ್ಸ್ ಕೊಡಿ ಬುದ್ಧಿ," ಅಂದ ಚಿಕ್ಕಸಿದ್ದಯ್ಯ. "ಆರ್ಸಾಯ್ತಲ್ಲ. ನನ್ ಲೈಸೆನ್ಸ್ ಕೊಡಿ, ಇಳೀತೀನಿ."

ಶಿವನಂಜಯ್ಯ ಲೈಸೆನ್ಸನ್ನು ಜೇಬಿನೊಳಕ್ಕೆ ಪೂರ್ತಿ ತಳ್ಳಿಕೊಂಡ. "ನೀನ್ ಇನ್ ಈ ಜಲ್ಮದಲ್ಲಿ ಸ್ಟೇರಿಂಗ್ ಮುಟ್ಟು, ನೋಡನ." ನೀರು ಬಿಡುವವನಿಗೆ ಕಣ್ಣಲ್ಲೇ ಏನೋ ಹೇಳಿದ. ಅವನು ಸೈಕಲ್ ಹತ್ತಿ ಟ್ಯಾಂಕಿನ ಕಡೆ ಹೊರಟ.

ಚರಂಡಿಯಾಚೆ ಕೇರಿಯ ಜನ ಒಬ್ಬೊಬ್ಬರಾಗಿ ಹಿಂದಕ್ಕೆ ಸರಿದರು. ಅವರನ್ನು ಬೈಯುವುದು ಸುಲಭ, ಸಂಜೆಗೆ ನೀರಿಲ್ಲದೆ ಕೂರಬೇಕಾದವರು ಅವರೇ. ಪುಟ್ಟಬಸಮ್ಮ ಮಾತ್ರ ಸರಿಯಲಿಲ್ಲ. ಚರಂಡಿ ದಾಟಿ ಈಚೆಗೆ ಬಂದಳು. ಜನ ತಾವಾಗಿಯೇ ದಾರಿ ಬಿಟ್ಟರು, ತಾಗೀತೆಂದು. ಅವಳು ಮೆಟ್ಟಿಲ ಬುಡದಲ್ಲಿ ನಿಂತು, ಗುಡಿಗೆ ಒಂದು ಸಲ ಕೈ ಮುಗಿದು, ಸೀರೆ ಎತ್ತಿ ಹಿಡಿದು ಐದೂ ಮೆಟ್ಟಿಲು ಹತ್ತಿದಳು. ಗಂಡನ ಭುಜ ಒತ್ತಿ ಅವನನ್ನು ಮೇಲಿನ ಮೆಟ್ಟಿಲ ಮೇಲೆ ಕೂರಿಸಿ, ತಾನೂ ಪಕ್ಕದಲ್ಲಿ ಕೂತಳು.

"ಉಯ್ದೆ ಅಂದ್ಬುಡು ಅಂತ ನಾನೇ ಅಂದ್ನಲ್ಲಯ್ಯ," ಅಂದಳು. ಅವನ ಅಂಗೈ ಬಿಡಿಸಿ ನೋಡಿದಳು. ನಡುಮಧ್ಯೆ ಕರ್ರಗೆ ಸುಟ್ಟು, ಸುತ್ತ ಬೊಬ್ಬೆ ಏಳುತ್ತಿತ್ತು. "ಉರೀತಾದಾ?"

"ಉರೀತಾದೆ."

ಅವಳು ಆ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಊದತೊಡಗಿದಳು. ಕೆಳಗೆ ಕೂಗಾಟ ಹೆಚ್ಚಾಯಿತು. ಒಂದು ಕಲ್ಲು ಬಂದು ಎರಡನೆಯ ಮೆಟ್ಟಿಲಿಗೆ ಬಿತ್ತು. ಇನ್ನೊಂದು ಬಾಗಿಲಿಗೆ ಬಡಿಯಿತು.

"ಯಜಮಾನ್ರೇ," ಪುಟ್ಟಬಸಮ್ಮ ತಲೆ ಎತ್ತದೆಯೇ ಕೂಗಿದಳು, "ಲೈಸೆನ್ಸ್ ತಂದ್ಕೊಡಿ. ಇಲ್ಲೇ ಕುಂತಿರ್ತೀವಿ." ಮತ್ತೆ ಗಂಡನ ಅಂಗೈ ಊದತೊಡಗಿದಳು.